ಚಾರ್ಲ್ಸ್‌ಟನ್ನಿನಲ್ಲಿ ಎಲ್ಲಿ ಉಣ್ಣಬೇಕು?



ಹೋದ ನವೆಂಬರಿನಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಪೇಟೆಯಲ್ಲಿ ಒಬ್ಬ ಹುಡುಗಿ ನನ್ನ ಮುಂದೆ ತಟ್ಟೆ ಚಾಚಿ, "ಬೆನ್ನಿ?" ಎಂದು ಕೇಳಿದಳು. ತಟ್ಟೆಯಲ್ಲಿ ರೂಪಾಯಿ ನಾಣ್ಯದಷ್ಟಗಲದ ತೆಳು ಬಿಸ್ಕತ್ತುಗಳಿದ್ದವು. ನಾನು ಹುಟ್ಟಿದ್ದು ಕುಮಟಾ ಸೀಮೆಯಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿ. ಬಾಳಿದ್ದು ಧಾರವಾಡದಲ್ಲಿ. ಬೆಣ್ಣೆಗೆ ಬೆಣ್ಣಿ ಎನ್ನುವವರ ನಡುವೆ ನಲವತ್ತು ವರ್ಷ ಸಂಸಾರ ಮಾಡಿದವಳು. ಇಲ್ಲಿಯೂ ಬೆಣ್ಣಿ ಎನ್ನುತ್ತಾರಲ್ಲ ಎಂದು ಹಿಗ್ಗಿ ಒಂದನ್ನು ಬಾಯಿಗೆ ಹಾಕಿಕೊಂಡೆ. ನಾಲಗೆಗೆ ಸಿಕ್ಕಿದ್ದು ಹುರಿದ ಎಳ್ಳು. ಸಂಕ್ರಾಂತಿಯ ಎಳ್ಳುಂಡೆಯನ್ನು ಯಾರೋ ಲಟ್ಟಿಸಿ ಚಪ್ಪಟೆ ಮಾಡಿದಂತಿತ್ತು.

"ದೊಡ್ಡಮ್ಮ, ಇವರ ಬೆನ್ನಿ ಅಂದ್ರೆ ಎಳ್ಳು," ಎಂದ ನನ್ನ ತಂಗಿಯ ಮಗ. ಪಶ್ಚಿಮ ಆಫ್ರಿಕಾದ ಭಾಷೆಗಳಿಂದ ಬಂದ ಮಾತು ಅದು. ಅಲ್ಲಿಂದ ಹಡಗಿನಲ್ಲಿ ಸರಪಳಿ ಹಾಕಿ ತಂದ ಜನರ ಬಾಯಲ್ಲಿ ಈ ದಡಕ್ಕೆ ಬಂತು. ಕಾಳು ಬಂತು, ಕಾಳಿನ ಹೆಸರೂ ಬಂತು. ತಂದವರ ಹೆಸರು ಮಾತ್ರ ಬಿಸ್ಕತ್ತಿನ ಡಬ್ಬಿಯ ಮೇಲೆ ಇರಲಿಲ್ಲ. ಆ ಊರಲ್ಲಿ ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆಗೆ ನನಗೆ ಉತ್ತರದ ತುದಿ ಸಿಕ್ಕಿದ್ದು ಈ ಬಿಸ್ಕತ್ತಿನಲ್ಲಿ.

ಚಾರ್ಲ್ಸ್‌ಟನ್ ಇರುವುದು ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ, ಅಟ್ಲಾಂಟಿಕ್ ಕಡಲ ದಂಡೆಯ ಮೇಲೆ. 1670ರಲ್ಲಿ ಇಂಗ್ಲೆಂಡಿನವರು ಕಟ್ಟಿ, ಎರಡನೆಯ ಚಾರ್ಲ್ಸ್ ದೊರೆಯ ಹೆಸರಿಟ್ಟ ಊರು. ಒಂದು ಮಗ್ಗುಲಿಗೆ ಆ್ಯಶ್ಲಿ ಹೊಳೆ, ಇನ್ನೊಂದಕ್ಕೆ ಕೂಪರ್ ಹೊಳೆ. ಈ ಎರಡೂ ಕೂಡಿ ಅಟ್ಲಾಂಟಿಕ್ ಸಾಗರವಾಗುತ್ತದೆ ಎಂದು ಊರಿನವರು ನಗದೆ ಹೇಳುತ್ತಾರೆ. ಹಳೆಯ ಮನೆಗಳು, ಪಕ್ಕಕ್ಕೆ ಚಾಚಿದ ಉದ್ದನೆಯ ಪಡಸಾಲೆಗಳು, ಕಲ್ಲು ಹಾಸಿದ ಓಣಿಗಳು, ಕುದುರೆಗಾಡಿಯಲ್ಲಿ ಕೂತ ಪ್ರವಾಸಿಗಳು. ತಂಗಿಯ ಮಗ ಉತ್ತರ ಚಾರ್ಲ್ಸ್‌ಟನ್ನಿನ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಹೆಂಡತಿ, ಅಂದರೆ ನಮ್ಮ ಹುಡುಗಿ, ಶಾಕಾಹಾರಿ. ನಾನು ಮೀನಿಲ್ಲದೆ ಊಟ ಇಳಿಯದವಳು. ಇಂಥ ಮೂವರು ಒಂದೇ ಮೇಜಿಗೆ ಕೂತರೆ ಆ ಊರಿನ ಅಡುಗೆಯ ಗುಣದೋಷ ಬೇಗ ಹೊರಬೀಳುತ್ತದೆ.

ಮೊದಲ ಎರಡು ದಿನ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು. ಎಲ್ಲಿ ಪಾಳಿ ಉದ್ದವಿದೆಯೋ ಅಲ್ಲಿ ನಿಂತೆವು. ಹೆಸರು ಹೇಳುವುದಿಲ್ಲ, ಪೇಟೆಯ ನಡುವಿನ ಒಂದು ದೊಡ್ಡ ಹೋಟೆಲಿನಲ್ಲಿ ನಮ್ಮ ಹುಡುಗಿ ಬರೀ ತರಕಾರಿಯ ತಟ್ಟೆ ಕೇಳಿದಳು. ಬಂತು. ಕೊಲಾರ್ಡ್ ಎಂಬ ದಪ್ಪ ಎಲೆಯ ಸೊಪ್ಪಿನ ಪಲ್ಯ, ಹುರುಳಿಕಾಯಿ, ಅಲಸಂದೆ. ಅರ್ಧ ತಿಂದ ಮೇಲೆ ಸೊಪ್ಪಿನ ಅಡಿಯಲ್ಲಿ ಹಂದಿಯ ಕಾಲಿನ ಎಲುಬು ಕಂಡಿತು. ಬಡಿಸಿದವನನ್ನು ಕರೆದು ಕೇಳಿದರೆ, "ಅದು ರುಚಿಗೆ ಹಾಕಿದ್ದು, ಮಾಂಸ ಅಲ್ಲ," ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಾವು ಬೇಳೆಗೆ ಒಗ್ಗರಣೆ ಹಾಕುವಂತೆ ಆ ಸೀಮೆಯವರು ಸೊಪ್ಪಿಗೆ ಹಂದಿ ಹಾಕುತ್ತಾರೆ. ಹುಡುಗಿ ಆ ದಿನ ಬಾಳೆಹಣ್ಣು ತಿಂದು ಮಲಗಿದಳು.

ಮರುದಿನ ಮತ್ತೆ ಪೇಟೆಗೆ ಹೋದಾಗ ನಾನು ಬಿಸ್ಕತ್ತಿನ ಕಡೆ ನೋಡದೆ ಬುಟ್ಟಿ ಹೆಣೆಯುವವರ ಎದುರು ಕೂತೆ. ಸಿಟಿ ಮಾರ್ಕೆಟ್ಟಿನ ಉದ್ದನೆಯ ಚಪ್ಪರದಡಿ ಗಲ್ಲಾ ಜನರ ಹೆಂಗಸರು ಸ್ವೀಟ್‌ಗ್ರಾಸ್ ಎಂಬ ಹುಲ್ಲಿನಿಂದ ಬುಟ್ಟಿ ಹೊಲಿಯುತ್ತಾರೆ. ಗಲ್ಲಾ ಎಂದರೆ, ಈ ಕರಾವಳಿ ಮತ್ತು ಅದರ ದ್ವೀಪಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ಸಂತತಿ. ಅವರಿಗೆ ಅವರದೇ ಮಾತು, ಹಾಡು, ಅಡುಗೆ ಉಂಟು. ಬುಟ್ಟಿಗಳ ನಡುವೆ ಅಗಲವಾಗಿ, ಅಂಚು ತಗ್ಗಾಗಿರುವ ಒಂದನ್ನು ಕಂಡೆ. ಕೈಗೆತ್ತಿಕೊಂಡು ಸುಮ್ಮನೆ ಕೇರುವಂತೆ ಆಡಿಸಿದೆ. ಆ ಅಜ್ಜಿ ತಲೆಯೆತ್ತಿ ನೋಡಿದರು. ಅದು ಹೂವು ಹಣ್ಣು ಇಡುವ ಬುಟ್ಟಿಯಲ್ಲ, ಭತ್ತ ಕುಟ್ಟಿದ ಮೇಲೆ ಹೊಟ್ಟು ಹಾರಿಸುವ ಸಾಧನ. ನಮ್ಮ ಕಡೆಯ ಗೆರಸಿ, ಧಾರವಾಡದವರ ಮೊರ. ನನಗೆ ಅವರ ಇಂಗ್ಲಿಷು ತಿಳಿಯದು, ಅವರಿಗೆ ನನ್ನದು ತಿಳಿಯದು. ಆದರೆ ಕೇರುವ ಕೈಯನ್ನು ಇಬ್ಬರೂ ಗುರುತಿಸಿದೆವು.

ಅಲ್ಲಿಂದ ಮುಂದೆ ನಾವು ಅಕ್ಕಿಯ ಜಾಡು ಹಿಡಿದೆವು. ಈ ಊರು ಕಟ್ಟಿದ್ದೇ ಅಕ್ಕಿಯ ದುಡ್ಡಿನಿಂದ. 1685ರ ಸುಮಾರಿಗೆ ಮಡಗಾಸ್ಕರಿನಿಂದ ಬಂದ ಒಂದು ಹಡಗಿನ ಕಪ್ತಾನ ಬೀಜದ ಭತ್ತ ಕೊಟ್ಟನೆಂಬ ಕಥೆಯನ್ನು ಊರಲ್ಲಿ ಹೇಳುತ್ತಾರೆ. ಕಥೆ ಹೇಗೂ ಇರಲಿ, ಬೀಜ ಒಂದಿದ್ದರೆ ಗದ್ದೆಯಾಗುವುದಿಲ್ಲ ಎಂಬುದು ಭತ್ತ ಬೆಳೆದ ಯಾರಿಗಾದರೂ ಗೊತ್ತು. ಇಂಗ್ಲೆಂಡಿನಿಂದ ಬಂದವರಿಗೆ ಭತ್ತದ ಗದ್ದೆಯ ರೂಢಿ ಇರಲಿಲ್ಲ. ಸೆನೆಗಾಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್ ಸೀಮೆಯಿಂದ ಹಿಡಿದು ತಂದವರಿಗೆ ಇತ್ತು. ಅವರು ಜೌಗುಕಾಡು ಕಡಿದು ಬದು ಹಾಕಿದರು, ನಾಟಿಯಿಂದ ಒನಕೆಯ ತನಕ ಅವರ ಮೈಯೇ ದುಡಿಯಿತು. 1700 ದಾಟಿ ಹತ್ತು ವರ್ಷವಾಗುವುದರೊಳಗೆ ಆ ನಾಡಿನಲ್ಲಿ ಬಿಳಿಯರಿಗಿಂತ ಕಪ್ಪು ಜನರೇ ಹೆಚ್ಚಾಗಿದ್ದರು.

ಅವರ ಗದ್ದೆಯ ಕ್ರಮವನ್ನು ಕೇಳಿದಾಗ ನನಗೆ ನಮ್ಮ ಗಜನಿ ನೆನಪಾಯಿತು. ಕುಮಟಾದವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೊಳೆ ಸಮುದ್ರ ಸೇರುವಲ್ಲಿ, ಭರತ ಇಳಿತದ ನೀರು ಹತ್ತಿ ಇಳಿಯುವ ಭೂಮಿಗೆ ಗಜನಿ ಎನ್ನುತ್ತೇವೆ. ಸುತ್ತ ಕಟ್ಟು ಹಾಕಿ, ನೀರು ಬಿಡಲು ಹಲಗೆಯ ಬಾಗಿಲಿಟ್ಟು, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಚಾರ್ಲ್ಸ್‌ಟನ್ನಿನ ಸುತ್ತಲೂ ಕಟ್ಟು ಮತ್ತು ಹಲಗೆಯ ಬಾಗಿಲು ಇದ್ದವು, ಆದರೆ ಜಾಣ್ಮೆ ಬೇರೆ. ಭರತ ಬಂದಾಗ ಸಮುದ್ರ ಹೊಳೆಯನ್ನು ಹಿಂದಕ್ಕೆ ಒತ್ತುತ್ತದೆ. ಆಗ ಮೇಲ್ಭಾಗದ ಸಿಹಿನೀರು ದಂಡೆಯ ಮಟ್ಟಕ್ಕೆ ಏರುತ್ತದೆ. ಆ ಹೊತ್ತು ನೋಡಿ ಬಾಗಿಲೆತ್ತಿ ಸಿಹಿನೀರನ್ನು ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದರು, ಇಳಿತದಲ್ಲಿ ಹೊರಗೆ ಹರಿಸುತ್ತಿದ್ದರು. ಆ ಬಾಗಿಲಿಗೆ ಅವರು ಟ್ರಂಕ್ ಎನ್ನುತ್ತಾರೆ. ಮೊದಲು ಟೊಳ್ಳು ಮಾಡಿದ ಮರದ ದಿಮ್ಮಿಯನ್ನೇ ಹೂಳುತ್ತಿದ್ದುದರಿಂದ ಆ ಹೆಸರು ಬಂತಂತೆ. ನಾವು ಉಪ್ಪಿನೊಡನೆ ರಾಜಿ ಮಾಡಿಕೊಂಡೆವು, ಅವರು ಉಪ್ಪನ್ನು ಹೊರಗಿಟ್ಟರು. ಹೊಳೆಯ ಕೆಸರಿನ ವಾಸನೆ ಮಾತ್ರ ಎರಡೂ ಕಡೆ ಒಂದೇ. ಅಲ್ಲಿ ಅದಕ್ಕೆ ಪ್ಲಫ್ ಮಡ್ ಎನ್ನುತ್ತಾರೆ. ಪ್ರವಾಸಿಗಳು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ತವರಿನ ವಾಸನೆ.

ಇದೆಲ್ಲ ಊಟದ ಮಾತೇ? ಹೌದು. ಅಮೆರಿಕಕ್ಕೆ ಗುಲಾಮರಾಗಿ ಬಂದ ಆಫ್ರಿಕನ್ನರಲ್ಲಿ ಸುಮಾರು ಶೇಕಡಾ 40ರಷ್ಟು ಜನ ಕಾಲಿಟ್ಟದ್ದು ಈ ಬಂದರಿನಲ್ಲಿ ಎಂದು ಲೆಕ್ಕ ಹೇಳುತ್ತಾರೆ. ಅವರಲ್ಲಿ ಅನೇಕರನ್ನು ಇಳಿಸಿದ ಗ್ಯಾಡ್ಸ್‌ಡೆನ್ಸ್ ವಾರ್ಫ್ ಎಂಬ ಧಕ್ಕೆಯ ಜಾಗದಲ್ಲಿ 2023ರಲ್ಲಿ ಒಂದು ದೊಡ್ಡ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಚಾರ್ಲ್ಸ್‌ಟನ್ನಿನಲ್ಲಿ ಉಣ್ಣುವ ಮೊದಲು ಅಲ್ಲಿಗೆ ಹೋಗಿ ಎನ್ನುತ್ತೇನೆ. ಹಸಿವು ಸಾಯುತ್ತದೆ ಎಂದು ಹೆದರಬೇಡಿ. ನನಗಂತೂ ತಟ್ಟೆಯಲ್ಲಿದ್ದುದು ಸರಿಯಾಗಿ ಕಂಡದ್ದು ಅಲ್ಲಿಂದ ಬಂದ ಮೇಲೆಯೇ.

ಒಂದು ಉದಾಹರಣೆ. ಊರಿನ ದೊಡ್ಡ ಹೋಟೆಲುಗಳಲ್ಲೆಲ್ಲ ಹೆಣ್ಣೇಡಿಯ ಸೂಪು ಸಿಗುತ್ತದೆ. ಏಡಿಯ ಮಾಂಸ, ಕೆನೆ, ಶೆರಿ ಎಂಬ ಮದ್ಯದ ನಾಲ್ಕು ಹನಿ, ಜೊತೆಗೆ ಹೆಣ್ಣೇಡಿಯ ಕಿತ್ತಳೆ ಬಣ್ಣದ ಮೊಟ್ಟೆ. ಅಮೆರಿಕದ ಅಧ್ಯಕ್ಷ ಟ್ಯಾಫ್ಟ್ ಊರಿಗೆ ಬಂದಾಗ ಮೇಯರ್ ರೆಟ್ ಅವರ ಮನೆಯಲ್ಲಿ ಇದನ್ನು ಬಡಿಸಿದರೆಂದು ಹೇಳುತ್ತಾರೆ. ಮೊಟ್ಟೆ ಹಾಕುವ ಯೋಚನೆ ಆ ಮನೆಯ ಅಡುಗೆಯವರಾದ ವಿಲಿಯಂ ಡೀಸ್ ಎಂಬ ಕಪ್ಪು ಬಾಣಸಿಗರದು ಎಂಬ ಮಾತಿದೆ. 1930ರಲ್ಲಿ ಬಂದ ಚಾರ್ಲ್ಸ್‌ಟನ್ ಅಡುಗೆಯ ಒಂದು ಪುಸ್ತಕದಲ್ಲಿ ಅವರ ಹೆಸರು ಉಳಿದಿದೆ. ಹಾಗೆ ಹೆಸರು ಉಳಿಯದವರೇ ಹೆಚ್ಚು. ಸೂಪು ಚೆನ್ನಾಗಿದೆ, ಆದರೆ ಒಂದು ಬಟ್ಟಲಿನ ಮೇಲೆ ಕುಡಿಯಲಾಗದು, ಕೆನೆ ಗಂಟಲಲ್ಲಿ ಕೂರುತ್ತದೆ. ಈಗ ಮೊಟ್ಟೆ ಹೊತ್ತ ಏಡಿಯನ್ನು ಹಿಡಿಯುವುದು ಕಾನೂನಿಗೆ ವಿರುದ್ಧ. ಹಾಗಾಗಿ ಬಟ್ಟಲಿನ ಕಿತ್ತಳೆ ಬಣ್ಣ ಎಲ್ಲಿಂದ ಬಂತೆಂದು ಕೇಳಲು ಹೋಗಬೇಡಿ.

ಇನ್ನು ನನ್ನ ಮನಸ್ಸಿಗೆ ಬಂದ ಊಟ. ಅದು ಹಳೆಯ ಊರಿನಲ್ಲಿಲ್ಲ. ಉತ್ತರ ಚಾರ್ಲ್ಸ್‌ಟನ್ನಿನ ಮೀಟಿಂಗ್ ಸ್ಟ್ರೀಟ್ ರಸ್ತೆಯಲ್ಲಿ, ಗೋದಾಮು ಗ್ಯಾರೇಜುಗಳ ನೆರೆಯಲ್ಲಿ, ಬರ್ತಾಸ್ ಕಿಚನ್ ಎಂಬ ನೀಲಿ ಬಣ್ಣದ ಕಟ್ಟಡ. ಆಲ್ಬರ್ತಾ ಗ್ರಾಂಟ್ ಎಂಬಾಕೆ ಆರಂಭಿಸಿ, ಅವರ ನಂತರ ಹೆಣ್ಣುಮಕ್ಕಳು ನಡೆಸಿಕೊಂಡು ಬಂದದ್ದು. ಅಮೆರಿಕದ ಅಡುಗೆಲೋಕದಲ್ಲಿ ಬಹು ದೊಡ್ಡದೆನಿಸುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವ 2017ರಲ್ಲಿ ಇದಕ್ಕೆ ಬಂತು. ಒಳಗೆ ಹೋದರೆ ಪ್ರಶಸ್ತಿಯ ಠೀವಿ ಏನೂ ಇಲ್ಲ. ಧಾರವಾಡದ ಮಾತಿನಲ್ಲಿ ಹೇಳುವುದಾದರೆ ಅಪ್ಪಟ ಖಾನಾವಳಿ. ಕಟ್ಟೆಯ ಹಿಂದೆ ದೊಡ್ಡ ದೊಡ್ಡ ಪಾತ್ರೆಗಳು, ಮುಂದೆ ಪಾಳಿಯಲ್ಲಿ ಕೆಲಸದ ಬಟ್ಟೆಯಲ್ಲೇ ಬಂದ ಜನ. ಏನು ಬೇಕೆಂದು ಬೆರಳು ತೋರಿಸಬೇಕು. ಬಡಿಸುವಾಕೆ ನನ್ನನ್ನೂ ಪಕ್ಕದ ಲಾರಿ ಚಾಲಕನನ್ನೂ ಒಂದೇ ಮಾತಿನಲ್ಲಿ ಕರೆದಳು. ಮಗುವಿಗೆ ಹೇಳುವಂತಹ ಅಕ್ಕರೆಯ ಮಾತು.

ನಾನು ಕೇಳಿದ್ದು ಬೆಂಡೆಕಾಯಿಯ ಸೂಪು. ಸೂಪು ಎನ್ನುವುದು ತಪ್ಪು, ಅದು ಹುಳಿ. ಬೆಂಡೆ, ಟೊಮೆಟೊ, ಮಾಂಸದ ತುಣುಕು ಎಲ್ಲ ಒಂದಾಗುವ ತನಕ ಬೇಯಿಸಿ, ಬಿಸಿ ಅನ್ನದ ಮೇಲೆ ಹೊಯ್ದು ಕೊಡುತ್ತಾರೆ. ಬೆಂಡೆಯ ಲೋಳೆಯನ್ನು ನಾವು ಹುಣಸೆ ಹಾಕಿ ಕೊಲ್ಲುತ್ತೇವೆ. ಅವರು ಅದನ್ನೇ ಸಾರು ದಪ್ಪವಾಗಲು ಬಳಸುತ್ತಾರೆ. ಬೆಂಡೆಯೂ ಆಫ್ರಿಕಾದಿಂದ ಬಂದದ್ದೇ. ಗಂಬೊ ಎಂಬ ಹೆಸರಾಂತ ಅಡುಗೆಗೆ ಆ ಹೆಸರು ಬಂದದ್ದು ಬೆಂಡೆಗೆ ಅಲ್ಲಿ ಇದ್ದ ಮಾತಿನಿಂದ. ಜೊತೆಗೆ ಟೊಮೆಟೊ ಹಾಕಿ ಬೇಯಿಸಿದ ಕೆಂಪನ್ನ, ಕರಿದ ಕೋಳಿ, ಬೆಣ್ಣೆಯಂತೆ ಬೆಂದ ಡಬಲ್ ಬೀನ್ಸ್. ಕೆಂಪನ್ನ ಪಶ್ಚಿಮ ಆಫ್ರಿಕಾದ ಜೊಲೊಫ್ ಅನ್ನದ ಮನೆತನದ್ದು. ಖಾರ ಕಡಿಮೆ, ಹದ ಮಾತ್ರ ಲೆಕ್ಕ ಹಾಕಿದಂತೆ ಇತ್ತು, ಒಂದು ಅಗುಳೂ ಇನ್ನೊಂದಕ್ಕೆ ಅಂಟಿರಲಿಲ್ಲ. ನಾನು ಮಾತಾಡದೆ ತಿಂದೆ. ನನ್ನನ್ನು ಬಲ್ಲವರಿಗೆ ಇದು ಎಂಥ ಪ್ರಶಸ್ತಿ ಎಂದು ಗೊತ್ತು.

ಇದೇ ಬಗೆಯ ಇನ್ನೊಂದು ಜಾಗ ಬ್ಲೇಕ್ ಬೀದಿಯ ಹ್ಯಾನಿಬಲ್ಸ್ ಕಿಚನ್. ಅಲ್ಲಿ ಏಡಿಯ ಅನ್ನ ತಿನ್ನಿ. ಬಿಡಿಸಿದ ಏಡಿಯ ಮಾಂಸವನ್ನು ಅನ್ನದ ಜೊತೆ ಬಾಣಲೆಯಲ್ಲಿ ಹುರಿದು ಕೊಡುತ್ತಾರೆ. ಚಿಪ್ಪು ಒಡೆಯುವ ಕಷ್ಟವಿಲ್ಲ. ಮಾರಿಸನ್ ರಸ್ತೆಯಲ್ಲಿ ಮಾರ್ತಾ ಲೂ ಗ್ಯಾಡ್ಸ್‌ಡೆನ್ ಎಂಬಾಕೆ ಗುಲಾಬಿ ಬಣ್ಣದ ಸಣ್ಣ ಕಟ್ಟಡದಲ್ಲಿ 1983ರಿಂದ ಅಡುಗೆ ಮಾಡಿ ಹಾಕಿದ್ದರು. ಅದು 2020ರಲ್ಲಿ ಮುಚ್ಚಿತು, ಮರುವರ್ಷ ಆಕೆಯೂ ತೀರಿಹೋದರು. ಹಳೆಯ ಊರಿನಲ್ಲಿ ಬಾಡಿಗೆ ಏರುತ್ತಿದೆ, ಇಂಥ ಕಟ್ಟೆಗಳು ಇಳಿಯುತ್ತಿವೆ. ಹಾಗಾಗಿ ಹೋಗುವವರು ಈ ಖಾನಾವಳಿಗಳನ್ನು ಕೊನೆಯ ದಿನಕ್ಕೆ ಉಳಿಸಬೇಡಿ. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಶೆಟ್ಲಿ ಪ್ರಿಯರಿಗೊಂದು ಮಾತು. ಶೆಟ್ಲಿ ಎಂದರೆ ಸಿಗಡಿ, ಧಾರವಾಡದವರಿಗಾಗಿ ಹೇಳಿದೆ. ಅಲ್ಲಿ ಶ್ರಿಂಪ್ ಆ್ಯಂಡ್ ಗ್ರಿಟ್ಸ್ ಎಂಬುದು ಎಲ್ಲ ಹೋಟೆಲುಗಳ ಫಲಕದಲ್ಲೂ ಇರುತ್ತದೆ. ಗ್ರಿಟ್ಸ್ ಎಂದರೆ ಗೋವಿನಜೋಳದ ನುಚ್ಚು, ಬೇರೇನೂ ಅಲ್ಲ. ನಾವು ಮಜ್ಜಿಗೆ ಹಾಕಿಕೊಂಡು ಉಣ್ಣುವ ನುಚ್ಚನ್ನು ಅವರು ಬೆಣ್ಣೆ ಹಾಕಿ ಮೆತ್ತಗೆ ಬೇಯಿಸುತ್ತಾರೆ. ಮೊದಲು ಇದು ಬೆಳಗಿನ ಜಾವ ದೋಣಿಗೆ ಹೋಗುವವರ ನಾಷ್ಟಾ ಆಗಿತ್ತು. ಈಗ ಅದಕ್ಕೆ ಕೆನೆ, ಚೀಸು, ಸಾಸೇಜು ಎಲ್ಲ ಸೇರಿ ರಾತ್ರಿಯ ದುಬಾರಿ ಊಟವಾಗಿದೆ. ನನ್ನ ತೀರ್ಪು: ಬೆಳಿಗ್ಗೆ ತಿನ್ನಿ, ಸಾದಾ ಮಾಡಿಕೊಡುವಲ್ಲಿ ತಿನ್ನಿ. ಕೂಪರ್ ಹೊಳೆಯ ಆಚೆ ಮೌಂಟ್ ಪ್ಲೆಸೆಂಟಿನ ಶೆಮ್ ಕ್ರೀಕಿನಲ್ಲಿ ಶೆಟ್ಲಿ ದೋಣಿಗಳು ನಿಂತಿರುತ್ತವೆ. ಅಲ್ಲಿ ತಾಜಾ ಶೆಟ್ಲಿ ಕೊಂಡು ಮನೆಗೆ ತರಬಹುದು, ನಾವು ತಂದೆವು.

ಸಿಂಪಿ ತಿನ್ನುವವರಾದರೆ ಫಾಲಿ ಬೀಚಿನ ದಾರಿಯಲ್ಲಿರುವ ಬೋವೆನ್ಸ್ ಐಲೆಂಡಿಗೆ ಹೋಗಬೇಕು. ಸಿಂಪಿಗೆ ಕಾರವಾರದ ಕಡೆಯವರು ಕಲ್ಗಾ ಎನ್ನುತ್ತಾರೆ, ಬಂಡೆಗೆ ಅಂಟಿಕೊಂಡು ಬೆಳೆಯುವಂಥದು. ಬೋವೆನ್ಸ್ ಐಲೆಂಡ್ 1946ರಲ್ಲಿ ಗಂಡ ಹೆಂಡತಿ ಇಬ್ಬರು ಆರಂಭಿಸಿದ ಜಾಗ. 2006ರಲ್ಲಿ ಇದಕ್ಕೂ ಜೇಮ್ಸ್ ಬಿಯರ್ಡ್ ಗೌರವ ಬಂತು, ಅದೇ ವರ್ಷ ಬೆಂಕಿ ಬಿದ್ದು ಸುಟ್ಟುಹೋಯಿತು. ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಗೊಂಚಲು ಗೊಂಚಲು ಸಿಂಪಿಯನ್ನು ಬೆಂಕಿಯ ಮೇಲಿನ ತಗಡಿಗೆ ಹಾಕಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿ ಬೇಯಿಸುತ್ತಾರೆ. ಬೆಂದ ಮೇಲೆ ಸಲಿಕೆಯಲ್ಲೇ ತಂದು ಸುರಿಯುತ್ತಾರೆ. ನಾವೇ ಮೊಂಡು ಚಾಕುವಿನಿಂದ ಬಾಯಿ ಬಿಡಿಸಿಕೊಳ್ಳಬೇಕು. ಕೆಸರು ಕೈಗೆ, ಉಪ್ಪುನೀರು ಸೆರಗಿಗೆ. ಎದುರಿಗೆ ಹುಲ್ಲಿನ ಜೌಗು, ಅದರಾಚೆ ಸೂರ್ಯ ಮುಳುಗುವುದು. ಸಿಂಪಿಯ ಹಂಗಾಮು ಅಕ್ಟೋಬರಿನಿಂದ ಮೇ ನಡುವಿನ ತನಕ. ಬೇಸಿಗೆಯಲ್ಲಿ ಹೋದವರು ಇದನ್ನು ಮರೆತುಬಿಡಿ.

ಹೆಸರಾಂತ ದೊಡ್ಡ ಹೋಟೆಲುಗಳ ಬಗ್ಗೆ ಹೆಚ್ಚು ಹೇಳಲಾರೆ. 2003ರಲ್ಲಿ ತೆರೆದ ಫಿಗ್, 2010ರಲ್ಲಿ ಕ್ವೀನ್ ಬೀದಿಯ ಹಳೆಯ ಮನೆಯಲ್ಲಿ ತೆರೆದ ಹಸ್ಕ್, ಇವೆರಡೂ ಸುತ್ತಲಿನ ಹೊಲ ಮತ್ತು ಹೊಳೆಯಿಂದ ಬಂದದ್ದನ್ನೇ ಬಡಿಸುವ ರೂಢಿಗೆ ಮಾನ ತಂದುಕೊಟ್ಟವು. ಮೊದಲೇ ಮೇಜು ಗೊತ್ತುಮಾಡಬೇಕು. ಬಿಲ್ಲಿನ ಮೇಲೆ ಶೇಕಡಾ 20ರಷ್ಟು ಬಕ್ಷೀಸು ಇಡುವುದು ರೂಢಿ, ಅದನ್ನೂ ಲೆಕ್ಕಕ್ಕೆ ಹಿಡಿದು ಹೋಗಿ.

ಇಂಥ ಹೋಟೆಲುಗಳಲ್ಲಿ ಕೆರೊಲಿನಾ ಗೋಲ್ಡ್ ಎಂಬ ಅಕ್ಕಿಗೆ ಈಗ ದೇವರ ನೈವೇದ್ಯದ ಗೌರವ. ಅದೇ ಆ ಊರನ್ನು ಸಾಕಿದ ಹಳೆಯ ಅಕ್ಕಿ. ಒಳಯುದ್ಧ ಮುಗಿದು ಗುಲಾಮಗಿರಿ ಹೋಯಿತು, ಪುಕ್ಕಟೆ ದುಡಿಮೆ ನಿಂತಿತು, ಮೇಲೆ ಚಂಡಮಾರುತಗಳು ಬಡಿದವು. ಹಾಗಾಗಿ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಬೇಸಾಯ ಅಳಿಯಿತು. 1980ರ ದಶಕದಲ್ಲಿ ರಿಚರ್ಡ್ ಶುಲ್ಜ್ ಎಂಬ ಕಣ್ಣಿನ ವೈದ್ಯರು ಬಾತುಕೋಳಿ ಬೇಟೆಗೆಂದು ತಮ್ಮ ಜಮೀನಿನಲ್ಲಿ ಭತ್ತ ಬಿತ್ತಲು ಹೊರಟು, ಸರ್ಕಾರದ ಬೀಜಭಂಡಾರದಿಂದ ಈ ತಳಿಯನ್ನು ತರಿಸಿದರು. ಬಾತುಕೋಳಿಯ ನೆವದಲ್ಲಿ ಒಂದು ಅಕ್ಕಿ ಬದುಕಿಕೊಂಡಿತು. ಕುಟ್ಟುವಾಗ ಮುರಿದ ನುಚ್ಚಕ್ಕಿಗೆ ಅಲ್ಲಿ ಮಿಡ್ಲಿನ್ಸ್ ಎಂದು ಹೆಸರು. ಇಡೀ ಕಾಳು ಹಡಗು ಹತ್ತಿ ವ್ಯಾಪಾರಕ್ಕೆ ಹೋಗುತ್ತಿತ್ತು, ಬೆಳೆದವರ ಪಾಲಿಗೆ ನುಚ್ಚು ಉಳಿಯುತ್ತಿತ್ತು. ಅದೇ ನುಚ್ಚನ್ನು ಈಗ ಬಟ್ಟೆಯ ಚೀಲದಲ್ಲಿ ಕಟ್ಟಿ, ನಾವು ಬಾಸುಮತಿಗೂ ಕೊಡದ ಬೆಲೆಗೆ ಮಾರುತ್ತಾರೆ.

ಶಾಕಾಹಾರಿಗಳು ಏನು ಮಾಡಬೇಕು? ನಮ್ಮ ಹುಡುಗಿ ಕೊನೆಗೆ ಒಂದು ಪ್ರಶ್ನೆ ಕಲಿತಳು. ಮಾಂಸ ಇದೆಯೇ ಎಂದು ಕೇಳಬಾರದು, ಹಂದಿ ಹಾಕಿ ಬೇಯಿಸಿದ್ದೀರಾ ಎಂದು ಕೇಳಬೇಕು. ಆಗ ನಿಜವಾದ ಉತ್ತರ ಬರುತ್ತದೆ. ಸೊಪ್ಪು, ಅಲಸಂದೆ, ಕೆಂಪನ್ನ ಮೂರರಲ್ಲೂ ಹಂದಿ ಇರುವ ಸಂಭವವಿದೆ. ಹೊಸ ವರ್ಷದ ಮೊದಲ ದಿನ ಊರಿಗೆ ಊರೇ ಉಣ್ಣುವ ಹಾಪಿನ್ ಜಾನ್ ಎಂಬ ಅಲಸಂದೆಯ ಅನ್ನದಲ್ಲೂ ಅಷ್ಟೇ. ನುಚ್ಚು, ಗೋವಿನಜೋಳದ ಬ್ರೆಡ್ಡು, ಕರಿದ ಬೆಂಡೆ ಇವುಗಳಲ್ಲಿ ದಾರಿ ಸಿಗಬಹುದು, ಅಲ್ಲಿಯೂ ಕೇಳಿಯೇ ತಿನ್ನಬೇಕು. ದಾರಿ ಬದಿಯಲ್ಲಿ ಉಪ್ಪುನೀರಿನಲ್ಲಿ ಕುದಿಸಿದ ಶೇಂಗಾ ಮಾರುತ್ತಾರೆ. ನಮ್ಮ ಸಂತೆಯಲ್ಲಿ ಸಿಗುವಂಥದೇ. 2006ರಿಂದ ಅದು ಆ ರಾಜ್ಯದ ಅಧಿಕೃತ ತಿನಿಸು, ಸರ್ಕಾರವೇ ಕಾನೂನು ಮಾಡಿದೆ. ಹುಡುಗಿ ಅದನ್ನು ಕಂಡಲ್ಲೆಲ್ಲ ಕಾರು ನಿಲ್ಲಿಸಿದಳು.

ಹೊರಡುವ ಹಿಂದಿನ ದಿನ ನಾನು ಕೆರೊಲಿನಾ ಗೋಲ್ಡಿನ ಒಂದು ಸಣ್ಣ ಚೀಲ ತರಿಸಿ, ತಂಗಿಯ ಮಗನ ಮನೆಯಲ್ಲಿ ಅನ್ನಕ್ಕಿಟ್ಟೆ. ಶೆಮ್ ಕ್ರೀಕಿನ ಶೆಟ್ಲಿಗೆ, ಅಲ್ಲಿ ಸಿಕ್ಕ ತೆಂಗಿನಕಾಯಿ ಹಾಕಿ ಸಾರು ಮಾಡಿದೆ. ಹುಡುಗಿಗೆ ಬೆಂಡೆಯ ಗೊಜ್ಜು. ಅಕ್ಕಿಗೆ ಒಳ್ಳೆಯ ಘಮವಿದೆ, ಬೆಂದ ಅನ್ನ ಮುತ್ತಿನಂತೆ ಬಿಡಿಬಿಡಿ. ಆದರೆ ನಮ್ಮ ಸಾರಿಗೆ ಒಗ್ಗುವುದಿಲ್ಲ, ಸಾರು ತಟ್ಟೆಯಡಿಗೆ ಇಳಿದುಬಿಡುತ್ತದೆ. ಕಗ್ಗದ ಕುಚ್ಚಲಕ್ಕಿಯ ಎದುರು ಅರ್ಧ ಅಂಕ ಕಡಿಮೆ ಕೊಡುತ್ತೇನೆ. ಅಮೆರಿಕಕ್ಕೆ ಹೋದ ಮೇಲೆ ಅನ್ನ ಬಿಟ್ಟಿದ್ದೇನೆ ಎನ್ನುತ್ತಿದ್ದ ಹುಡುಗ ಮಾತ್ರ ಮೂರು ಸಲ ಬಡಿಸಿಕೊಂಡ.